ಫರಸಿಯ ಕೆಳಮೈ

ನಗರಸಭೆಗೆ ಹೊಸ ಕಟ್ಟಡವಾಗಿದೆ, ಒಂದು ಪುಸ್ತಕ ತರುತ್ತಾರಂತೆ.
'ನೀರಿನ ಖಾತೆದಾಗ ಮೂವತ್ತೊಂದು ವರ್ಷ ದುಡದವ್ರು ನೀವು,
ಊರಿನ ಇತಿಹಾಸ ಎರಡು ಪುಟ ಬರದು ಕೊಡ್ರಿ ಕಾಕಾ,
ಜರಾ ಛಂದಿರಲಿ' ಅಂದ ಸಾಹೇಬ.
ಹೂಂ ಅಂದೆ. ನನ್ನ ಬಾಯಿಗೆ ಬುದ್ಧಿಯಿಲ್ಲ.

ಎಲ್ಲಿಂದ ಶುರು ಮಾಡಲಿ?
ಕೋಟೆಯಿಲ್ಲ, ಕಟ್ಟಿಸಿದ ರಾಜನಿಲ್ಲ.
ಕಾಗಿಣಾ ಇಲ್ಲಿ ಮೊಣಕಾಲು ಮಡಚಿದಂತೆ ತಿರುಗುತ್ತದೆ,
ಆ ಮಡಿಲಿಗೆ ಊರು ಬಿತ್ತು, ಅಷ್ಟೆ.
ಮೊದಲು ಬಂದವರು ಅಗಸರು ಅನ್ನುತ್ತಾಳೆ ಅಂಬವ್ವ,
ತಾನು ಅಗಸರಾಕಿ ಆದ್ದರಿಂದ.
ಅಂಬಿಗರು ಅನ್ನುತ್ತಾನೆ ಸೈಬಣ್ಣ:
'ಮೈಲಿಗಿ ಗಂಟು ಹೊತ್ತು ನೀವು ದಾಟಿದ್ದು ಯಾರ ಹರಗೋಲದಾಗ?'
ಜಗಳಾಡುವಾಗ ಇಬ್ಬರೂ ಹೊಳೆಯ ಕಡೆ ನೋಡುವುದಿಲ್ಲ.

ನಿಜಾಮರ ಕಾಲದ ದಫ್ತರ ಒಂದು ಟ್ರಂಕಿನಲ್ಲಿದೆ, ಉರ್ದು.
ಓದಬಲ್ಲ ಲಾಡ್ಲೇಸಾಬ ಮುನಶಿಗೆ ಈಗ ಒಂದೇ ಕಣ್ಣು.
ಭೂತಗನ್ನಡಿ ಹಿಡಿದು ಅರ್ಧ ದಿನ ಓದಿದರು.
'ಏನದ ಅದ್ರಾಗ?'
'ಎಮ್ಮಿ' ಅಂದರು.
ಸನ್ ಇಂತಿಷ್ಟು ಫಸಲಿ, ಇಂಥವನ ಎಮ್ಮೆ
ಇಂಥವನ ಜೋಳ ಮೇಯ್ದು, ದಂಡ ಎರಡು ರೂಪಾಯಿ, ಹಾಲಿ ಸಿಕ್ಕಾ.
ಮುಂದಿನ ಪುಟದಲ್ಲಿ ಇನ್ನೊಂದು ಎಮ್ಮೆ.
ನಲವತ್ತೆಂಟರ ಕಟ್ಟು ಬಂದಾಗ ಟ್ರಂಕು ಮುಚ್ಚಿದರು.
'ಇವಕ ಗೆದ್ದಲ ಹತ್ತ್ಯಾದ.'
ನಾನು ನೋಡಿದ್ದೆ, ಹತ್ತಿರಲಿಲ್ಲ.
ಚಹಾ ತರಿಸಿದರು, ಕುಡಿದೆವು.

ಆಮೇಲೆ ರೈಲು. ರೈಲು ಕಲ್ಲು ಕೇಳಿತು.
ಬುಟ್ಟಿಯಲ್ಲಿ ಪೇರಿಸಿದ ಖಡಕ್ ರೊಟ್ಟಿಯ ಹಾಗೆ
ನೆಲದಡಿ ಫರಸಿ ಇತ್ತು, ಪದರದ ಕೆಳಗೆ ಪದರ.
ಅಪ್ಪ ಉಳಿಯಿಟ್ಟು, ಬಗ್ಗಿ, ಕಿವಿ ಕೊಡುತ್ತಿದ್ದ:
ಸೀಳುವ ಮೊದಲು ಕಲ್ಲು ಸಣ್ಣಗೆ ಉಸಿರು ಬಿಡುತ್ತದಂತೆ.
ಪುಣೆಯ ಕಚೇರಿ, ಸೊಲ್ಲಾಪುರದ ಗಿರಣಿ, ಹೈದರಾಬಾದಿನ ಯಾರದೋ ಹಜಾರ,
ನಮ್ಮೂರು ವ್ಯಾಗನ್ ಹತ್ತಿ ಹೋಗಿ
ಊರೂರಿನ ಕಾಲಡಿಗೆ ಮಲಗಿತು.
ಇಲ್ಲಿ ಉಳಿದದ್ದು ಖಣಿ.
ಮಳೆಗೆ ತುಂಬುತ್ತದೆ, ಹುಡುಗರು ಜಿಗಿಯುತ್ತಾರೆ,
ವರ್ಷಕ್ಕೊಬ್ಬ ಮೇಲೆ ಬರುವುದಿಲ್ಲ.

ಒಂದೂವರೆ ಪುಟವಾಯಿತು.
ಉಳಿದರ್ಧಕ್ಕೆ ಹೊಳೆ ಊರೊಳಗೆ ಬಂದ ವರ್ಷ.
ಪಂಪುಮನೆಯ ಗೋಡೆಗೆ ನಾನೇ ಕೆಂಪು ಗೆರೆ ಎಳೆದಿದ್ದೇನೆ,
ನನ್ನ ಕುತ್ತಿಗೆಮಟ.
ಊರೆಲ್ಲ ಮಿಷನ್ ಸಾಲಿಯ ಮಾಳಿಗೆ ಹತ್ತಿತ್ತು.
ಸುಗಂಧಮ್ಮ ಸಿಸ್ಟರ್ ಬೈದು ಬೈದು ನೀರು ಹಂಚಿದಳು.
ಮೊದಲ ದಿನ ಮೂರು ಕೊಡ, ಮೂರು ಸಾಲು.
ಯಾರೂ ಹೇಳಲಿಲ್ಲ, ಸಾಲು ತಾವೇ ಆದವು.
ಎರಡನೇ ರಾತ್ರಿ ಎರಡು ಕೊಡ ಒಡೆದವು,
ಅಥವಾ ಯಾರೋ ಒಡೆದರು
(ಸಿಸ್ಟರನ್ನು ಕೇಳಿದರೆ ಇವತ್ತಿಗೂ 'ಬೆಕ್ಕು' ಅನ್ನುತ್ತಾಳೆ).
ಮೂರನೇ ದಿನ ಒಂದೇ ಕೊಡ:
ಬಸಯ್ಯಸ್ವಾಮಿಯ ಹಿಂದೆ ಕೆಳಗೇರಿಯ ಚಂದಮ್ಮ,
ಆಕೆಯ ಹಿಂದೆ ಖಾಜಾಬೀ,
ಖಾಜಾಬೀಯ ಸೆರಗು ಹಿಡಿದು ನನ್ನ ಮಗಳು, ಮೂಗು ಸೋರಿಸುತ್ತ.
ನಾಲ್ಕನೇ ದಿನ ನೀರಿಳಿಯಿತು.
ಐದನೇ ದಿನ ಬಾವಿಕಟ್ಟೆಯಲ್ಲಿ ಮತ್ತೆ ಮೂರು ಸಾಲು.
ನಾನು ನಮ್ಮ ಸಾಲಿನಲ್ಲಿ ನಿಂತಿದ್ದೆ.

ಸಾಹೇಬ ಓದಿದ, ತಲೆದೂಗಿದ.
'ಭಾಳ ಛಲೋ ಆಗ್ಯಾದ ಕಾಕಾ.
ಮೂರನೇ ದಿನಕ್ಕ ನಿಂದರಸೋಣ.'
ಐದನೇ ದಿನದ ಮೇಲೆ ಹಸಿರು ಪೆನ್ನು ಹರಿಯಿತು.
ಎಮ್ಮೆಗಳೂ ಹೋದವು.

ನಾನು ತಲೆ ತಗ್ಗಿಸಿದ್ದೆ,
ಒಪ್ಪಿ ಅಲ್ಲ, ಹೊಸ ನೆಲ ನೋಡಲಿಕ್ಕೆ.
ನಮ್ಮದೇ ಫರಸಿ. ಎಷ್ಟು ಉಜ್ಜಿದ್ದಾರೆಂದರೆ
ಮೇಲಿನ ಫ್ಯಾನು ಅದರೊಳಗೆ ತಿರುಗುತ್ತಿತ್ತು.
ಉಜ್ಜುವುದು ಒಂದೇ ಮೈ.
ಮಣ್ಣಿಗೆ ತಾಗಿದ ಮೈಗೆ ಉಳಿಯ ಏಟು ಹಾಗೇ ಇರುತ್ತದೆ,
ಕೂಲಿ ಎಣಿಸಲಿಕ್ಕೆ ಗೀಚಿಕೊಂಡ ಗುರುತೂ.
ಅಪ್ಪನದು ಒಂದು ಉದ್ದ ಗೀಟು, ಪಕ್ಕದಲ್ಲಿ ಎರಡು ಚುಕ್ಕೆ.

ಸಂಜೆ ಪಂಪುಮನೆಗೆ ಹೋದೆ.
ಕೆಂಪು ಗೆರೆ ಮಾಸಿದೆ.
ಬಣ್ಣದ ಡಬ್ಬಿ ಅಟ್ಟದ ಮೇಲೇ ಇದೆ, ಗಟ್ಟಿಯಾಗಿದೆ.
ಜರಾ ಟರ್ಪೆಂಟೈನ್ ಹಾಕಿದರೆ ಬಂದೀತು.