ಷರಾ

ಚಿತ್ತಾಪುರ ದಾಟಿದ ಮ್ಯಾಲ, ಫರಸಿ ಖಣಿಗಳ ಬೆನ್ನಿಗಿ
ಒಂದು ಮರಡಿ ಅದ. ನಕಾಶೆಯಾಗ ಅದರ ಹೆಸರು ಪಾಳು.
ಮುಂಜಾನಿ ಐದಕ್ಕ ಇಲಾಖಿ ಜೀಪು ನಿಂತರ
ರಫಿಯಾ ಮೇಡಂ ಇಳದು ಮೊದಲ ಬೂಟು ಬಿಚ್ಚತಾರ.
ನಾನೇ ಹೇಳಿದ್ದೆ: ಬೂಟಿನ ಸಪ್ಪಳ
ಬುರ್ಲಿಗಿ ಫರ್ಲಾಂಗ್ ದೂರದಿಂದ ಕೇಳತದ.
ಈಗ ಒಂಟಿಕಾಲಾಗ ನಿಂತು ನೆಗ್ಗಿಲಮುಳ್ಳು ಕೀಳಕೋತ
"ಎಷ್ಟು, ಜೈನ್ಯಾ?" ಅಂತ ಕೇಳತಾರ.

ತುಟಿಗಿ ಎರಡು ಬೆರಳು ಹಚ್ಚಿ
ಹೆಣ್ಣು ಬುರ್ಲಿಯಾಗಿ ಕೂಗತೀನಿ.
ಹುಲ್ಲಿನ ಬುಡದಿಂದ ಒಬ್ಬ ಓಗೊಟ್ಟ.
ಬಂಡಿಹಾದಿ ಕಡಿಂದ ಇನ್ನೊಬ್ಬ.
"ಎರಡು ಮನಿ," ಅಂತೀನಿ, "ಬರೀಬ್ಯಾಡ್ರಿ, ತಡೀರಿ,
ಮೂರನೆಯವ ಮುದುಕ. ಗಂಟಲು ಸರಿಮಾಡಕೊಂಡು ಬರತಾನ."

ಕುದುರಿ ಬಾಲದ ಕೂದಲು ಹೊಸೆದ ಈ ಕಣ್ಣಿ
ನಮ್ಮಪ್ಪ ಚಿಮ್ಯಾಂದು.
ಆಗ ಇದರಾಗ ಸಿಕ್ಕಿದ್ದು ಸಂಜಿಗಿ ಒಲಿ ಮ್ಯಾಲ ಇರತಿತ್ತು.
ಇವತ್ತು ಸಿಕ್ಕಿದ್ದರ ಕಾಲಿಗಿ ಒಂದು ಕಡಗ,
ಅಕ್ಕಿಕಾಳಿನಷ್ಟು ಹಗುರ, ಅದರ ಮ್ಯಾಲ ನಂಬರು.
ನನ್ನ ಅಂಗೈಯಾಗ ಅದರ ಎದಿ
ಹೊಲಿಗಿ ಮಷೀನಿನಂಗ ಬಡಕೋತದ.
ಖರೇ ಹೇಳತೀನಿ, ನಾಲಗಿ ಇನ್ನೂ ಮರತಿಲ್ಲ.
ಕೈ ತೆರೀತೀನಿ.

ನಂಬರು ನಮಗೇನು ಹೊಸದಲ್ಲ.
ಠಾಣೆಯ ಹಳೇ ಪುಸ್ತಕದಾಗ ನಮ್ಮಪ್ಪಗೂ ಒಂದಿತ್ತು.
ಯಾವ ಊರಾಗ ಕಳುವಾದರೂ
ರಾತ್ರಿ ಬಂದು ಅವನ್ನ ಎಬ್ಬಿಸತಿದ್ರು.
ಇದನ್ನ ಹೇಳಿದ ದಿನ ಮೇಡಂ ಪೆನ್ನಿಗಿ ಟೋಪಿ ಹಾಕಿ
ಹುಲ್ಲು ನೋಡಕೋತ ಕೂತ್ರು.
ಚಹಾ ಆರಿತು. ಇಬ್ಬರೂ ಕುಡೀಲಿಲ್ಲ.

ಹೋದ ವರ್ಷ ಮಳಿಗಿ ಮೊದಲು ಇಲ್ಲಿ ನಾಕುನೂರು ತಗ್ಗು ತೋಡಿದ್ರು,
ಬೇವಿನ ಸಸಿ ಹಚ್ಚಲಾಕ.
ಬ್ಯಾಡ ಅಂದೆ. "ಗಿಡಾನೂ ಬ್ಯಾಡೇನೋ ನಿನಗ?"
ದೊಡ್ಡ ಸಾಹೇಬರು ಹೊಟ್ಟಿ ಹಿಡಕೊಂಡು ನಕ್ಕರು.
ಗಿಡ ಬಂದರ ಕಾಗಿ ಬರತದ, ಡೇಗಿ ಬರತದ ಸಾಹೇಬರ,
ಬುರ್ಲಿ ತತ್ತಿ ಇಡೋದು ಬರೇ ನೆಲದ ಮ್ಯಾಲ,
ಆಸರಕ್ಕ ನಾಕು ಕಡ್ಡಿ ಹುಲ್ಲು.
ನನ್ನ ಬಾಯಾಗ ಇದ್ದಾಗ ಅದು ನಗಿ;
ಮೇಡಂ ಎರಡು ವರ್ಷದ ಅಂಕಿ ಹಚ್ಚಿ ಕಳಿಸಿದ ಮ್ಯಾಲ ವರದಿ.
ತಗ್ಗು ಮುಚ್ಚಿದ್ವಿ, ತೋಡಿದ ಕೈಯಿಂದಲೇ.
ಮುಚ್ಚಿದ ಕೂಲಿ ಅರ್ಧ ಇನ್ನೂ ಬರಬೇಕು.

ಹೊತ್ತು ಏರಿತು. ಖಣಿಯಾಗ ಮಷೀನು ಶುರುವಾದವು.
ಅವರ ಫಾರ್ಮಿನ ಕಡೀ ಕಾಲಂಗ ಷರಾ ಅಂತಾರ,
ಹೆಬ್ಬೆಟ್ಟು ಹಿಡಿಸುವಷ್ಟು ಜಾಗ.
"ಅದರಾಗ ಏನು ಬರದ್ರಿ?"
ಕನ್ನಡಕ ಏರಿಸಿ, ಮೆಲ್ಲಗ ಓದಿದ್ರು:

"ಮುದುಕ ಗಂಡು ಇಂದು ಓಗೊಡಲಿಲ್ಲ.
ಜೈನ್ಯಾ ಪವಾರ ಇನ್ನೂ ಎರಡು ಸಲ ಕರೆದರು."