ಒಂದಿಂಚು ಸಡಿಲ

ಇಪ್ಪತ್ತೆರಡು ವರ್ಷ ಈ ಟೇಪು ನನ್ನ ಕೊರಳಲ್ಲಿ.
ದುರ್ಗಿಗುಡಿಯ ಅರ್ಧ ಹೆಂಗಸರ ತೋಳಿನುದ್ದ
ನನಗೆ ಬಾಯಿಪಾಠ. ನನ್ನದು ಮಾತ್ರ
ಯಾರೂ ಅಳೆದಿರಲಿಲ್ಲ.

ಮಿಷನ್ನಿನ ಮೇಲೆ ಬಾಗಿ ಬಾಗಿ
ಕತ್ತಿನ ಹಿಂದೊಂದು ಗಂಟು ಕೂತಿದೆ,
ಎರಡು ಸಲ ಹೊಡೆದ ಹೊಲಿಗೆಯ ಹಾಗೆ, ಬಿಚ್ಚುವುದಿಲ್ಲ.
ಅಂಗಡಿ ಮುಚ್ಚಿ ಬೈಕೇರಿದರೆ ಅಲ್ಲೂ ಅದೇ ಬಾಗು:
ಕಂಪನಿ ಕೊಟ್ಟ ಹ್ಯಾಂಡಲ್ಲು
ಯಾರದೋ ಉದ್ದ ಕೈ ನೋಡಿ ಕತ್ತರಿಸಿದ್ದು.
ರೆಡಿಮೇಡು.

ಬೈಪಾಸ್ ರೋಡಿನ ಜಬೀವುಲ್ಲಾ ಎರಡು ತಂದು ತೋರಿಸಿದ.
ಒಂದು, ಮಂಗ ಕೊಂಬೆಗೆ ಜೋತುಬೀಳುವಷ್ಟು ಎತ್ತರ.
"ಹುಡುಗ್ರು ಇದನ್ನೇ ಕೇಳೋದು ಅಕ್ಕಾ, ಫೋಟೋಗೆ."
ಭುಜಕ್ಕಿಂತ ಕೈ ಮೇಲಿದ್ದರೆ
ತೀರ್ಥಹಳ್ಳಿ ಮುಟ್ಟುವಷ್ಟರಲ್ಲಿ ಬೆರಳು ಜೋಮು ಹಿಡಿಯುತ್ತದಂತೆ.
ಇನ್ನೊಂದು ಅಷ್ಟು ಮಾತಾಡುವುದಿಲ್ಲ. ಎಂಟಿಂಚು ಏಳುತ್ತದೆ,
ಮೂರಿಂಚು ಹಿಂದಕ್ಕೆ ಬರುತ್ತದೆ,
ಹೆಸರು ಕರೆದರೆ ತಿರುಗಿದವರ ಹಾಗೆ.

"ಕೂತ್ಕೊಳ್ಳಿ. ಕಣ್ಣು ಮುಚ್ಚಿ. ಕೈ ಮುಂದೆ ಚಾಚಿ,
ಎಲ್ಲಿ ಸುಖ ಅನ್ಸತ್ತೋ ಅಲ್ಲಿ ನಿಲ್ಸಿ."

ಮುಚ್ಚಿದೆ.
ಗ್ರೀಸಿನ ವಾಸನೆ, ಪಕ್ಕದ ಹೋಟೆಲಿನ ಒಗ್ಗರಣೆ,
ಸಾಗರ ಸಾಗರ ಸಾಗರ ಎನ್ನುತ್ತ ಹೋದ ಕ್ಲೀನರ್ ಹುಡುಗ.
ಕೈ ಗಾಳಿಯಲ್ಲಿ ಅತ್ತಿತ್ತ ತಡಕಾಡಿತು.
ಯಾರೂ ಕೇಳಿರದ ಪ್ರಶ್ನೆ;
ಉತ್ತರಕ್ಕೆ ಹೊತ್ತು ಹಿಡಿಯಿತು.
ಜಬೀವುಲ್ಲಾನ ಮಗಳು ನಿಲೋಫರ್, ಎಸೆಸೆಲ್ಸಿ,
ನನ್ನ ಕೊರಳಿಂದ ನನ್ನದೇ ಟೇಪು ತೆಗೆದು
ಅಳೆದು ಟ್ಯಾಂಕಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಳು.
"ಏಳೂವರೆ ಬಂತು ಆಂಟಿ. ಅರ್ಧ ಇಂಚು ಜಾಸ್ತಿ, ಪರವಾಗಿಲ್ವಾ?"
ಹಾಕ್ತಾ ಹಾಕ್ತಾ ಸರಿಹೋಗತ್ತೆ, ಅಂದೆ.
ಎಷ್ಟು ಗಿರಾಕಿಗಳ ಬಾಯಿ ಮುಚ್ಚಿಸಿದ್ದೇನೆ ಇದರಿಂದ!

ಹಳೆಯದು ನಾಲ್ಕು ಬೋಲ್ಟಿಗೆ ಬಿಚ್ಚಿಕೊಂಡಿತು.
ಹೊಸದು ಕೂತಿತು. ಕ್ಲಚ್ಚಿನ ಕೇಬಲ್ಲು ಹೇಗೋ ಮುಟ್ಟಿತು.
ಇಂಜಿನ್ ಶುರುಮಾಡಿ ಎಡಕ್ಕೆ ಪೂರ್ತಿ ತಿರುಗಿಸಿದ:
ಆಕ್ಸಿಲೇಟರ್ ಯಾರೂ ಮುಟ್ಟದೆಯೇ ಗಾಡಿ ಕಿರುಚಿತು.
ನೆಟ್ಟಗೆ ಮಾಡಿದ, ಸುಮ್ಮನಾಯಿತು.
ಎಡಕ್ಕೆ, ಮತ್ತೆ ಕಿರುಚು.
ಅವನು ಬಾಯಿ ತೆರೆಯುವ ಮೊದಲೇ ಅಂದೆ:
"ಕಂಕುಳಲ್ಲಿ ಬಟ್ಟೆ ಬಿಟ್ಟಿಲ್ಲ."

ಕನ್ನಡಿ ಮುಂದೆ ನಿಂತಾಗ ಹೇಳಿ ಮಾಡಿಸಿದಂತಿರುವ ರವಿಕೆ
ಬಸ್ಸಿನ ಕಂಬಿಗೆ ಕೈಯೆತ್ತಿದೊಡನೆ ಪರಕ್ಕೆನ್ನುವುದಿಲ್ಲವೆ,
ಅದೇ. ಸುಮ್ಮನೆ ನಿಂತಾಗಿನ ಅಳತೆ ಅಳತೆಯಲ್ಲ.
ಒಳಗೆ ಒಂದಿಂಚು ಬಿಡಬೇಕು, ತಿರುಗುವಾಗಿನದು.
ಜಬೀವುಲ್ಲಾ ಸ್ಪ್ಯಾನರ್ ಕೆಳಗಿಟ್ಟು ನಕ್ಕ:
"ಇದನ್ನ ನಮ್ಮ ಹುಡುಗನ ತಲೆಗೆ ತುಂಬೋಕೆ ಒಂದು ವರ್ಷ ಆಯ್ತಕ್ಕಾ."

ಉದ್ದ ಕೇಬಲ್ಲು ಭದ್ರಾವತಿಯಿಂದ ಬರಲು ಮೂರು ದಿನ.
ಮೂರು ದಿನ ಸಿಟಿ ಬಸ್ಸಲ್ಲಿ
ಎಲ್ಲರ ಕಂಕುಳ ಹೊಲಿಗೆ ನೋಡುತ್ತ ಓಡಾಡಿದೆ.

ಬ್ರೇಕಿನ ಹೋಸೂ ಬದಲಾಯಿತು. ನಿಲೋಫರ್ ಲಿವರ್ ಒತ್ತುತ್ತಾಳೆ,
ಅಪ್ಪ ಕೆಳಗೆ ಕೂತು ನಟ್ಟು ಸಡಿಲಿಸುತ್ತಾನೆ,
ಹಿಡಿ, ಬಿಡು, ಹಿಡಿ ಮಗಾ,
ಎಣ್ಣೆಯೊಳಗಿನ ಕೊನೆಯ ಗುಳ್ಳೆ ಹೊರಬೀಳುವ ತನಕ.

ಸಕ್ರೆಬೈಲಿನವರೆಗೆ ಹೋಗಿ ಬಂದೆ.
ಮೊಣಕೈ ಸ್ವಲ್ಪ ಮಡಿಚಿ, ಬೆನ್ನು ನೆಟ್ಟಗೆ, ಗಾಳಿ ಎದೆಗೇ.
ತಿರುವಿನಲ್ಲಿ ತುಂಗೆಯ ಹಿನ್ನೀರು ಕಂಡಿತು.
ಅದು ಅಲ್ಲೇ ಇತ್ತು;
ನಾನು ಲಾರಿಯ ಚಕ್ರ ನೋಡುತ್ತ ಹೋಗುತ್ತಿದ್ದೆ.
ಕತ್ತಿನ ಗಂಟು? ಇದೆ ಇನ್ನೂ. ಸುಳ್ಳು ಯಾಕೆ.

ಕತ್ತಲಾಗುವಾಗ ಮನೆಗೆ ಬಂದರೆ
ಗೇಟಿನಲ್ಲಿ ಹ್ಯಾಂಡಲ್ಲು ಸಿಕ್ಕಿಕೊಂಡಿತು.
ಎತ್ತರದ್ದೇ ಧ್ಯಾನ; ಅಗಲ ಯಾರು ನೋಡಿದರು?
ಟೇಪು ಕೊರಳಲ್ಲೇ ಇತ್ತು.
ಎದುರುಮನೆ ಇಂದುಮತಿ ಟೀಚರು ಮಹಡಿಯಿಂದ:
"ವಾರಿಜಾ, ಇನ್ನೊಂದು ಕದ ಇದೆಯಲ್ಲೇ!"

ಇದೆ. ನನಗೂ ಗ್ಯಾಸ್ ಸಿಲಿಂಡರಿಗೂ ಒಂದೇ ಸಾಕೆಂದು
ಹನ್ನೊಂದು ವರ್ಷ ತೆಗೆದಿಲ್ಲ,
ಚಿಲಕ ತುಕ್ಕಿನಲ್ಲಿ ಮುಳುಗಿದೆ.
ಗಾಡಿಯನ್ನು ರಸ್ತೆಯಲ್ಲೇ ನಿಲ್ಲಿಸಿ
ಮಿಷನ್ ಎಣ್ಣೆಯ ಡಬ್ಬಿ ತಂದು
ತೊಟ್ಟು ತೊಟ್ಟು ಬಿಡುತ್ತಿದ್ದೇನೆ.
ಟೀಚರು ಸುತ್ತಿಗೆ ಕೊಡಲೇ ಅಂತಾರೆ.
ಬೇಡ ಟೀಚರ್. ನೆನೀಲಿ.