ಉಳಿದೆಡೆ ಒಣಹವೆ

ಬೆಳಗಿನ ಐದೂವರೆಗೆ ಬಿಳಿ ಮರದ ಪೆಟ್ಟಿಗೆಯ ಬಾಗಿಲು ತೆರೆಯುತ್ತೇನೆ.
ಕೈಯಲ್ಲಿ ಟಾರ್ಚು. ಉಸಿರು ಬಿಗಿಹಿಡಿದು ಬಾಗಬೇಕು.
ನನ್ನ ಉಸಿರೂ ಬಿಸಿಯೇ ತಾನೆ,
ಗಾಜಿನೊಳಗಿನ ಸ್ಪಿರಿಟ್ಟು
ಹತ್ತಿರ ಬಂದ ಯಾರನ್ನಾದರೂ ನಂಬಿಬಿಡುತ್ತದೆ.

ಹದಿನಾರು ಪಾಯಿಂಟ್ ಎಂಟು.
ಘಟ್ಟದ ಮೇಲಿನವರು ನಕ್ಕಾರು. ಕಾರವಾರಕ್ಕೆ
ಶಿವರಾತ್ರಿ ಕಳೆದ ಮೇಲೆ ಇದು ಚಳಿಯೇ.
ಕೋಡಿಬಾಗದ ರಿಕ್ಷಾದವರು ಕಿವಿಗೆ ಮಫ್ಲರ್ ಸುತ್ತಿ
ಹಿಮದಲ್ಲಿ ನಿಂತವರ ಹಾಗೆ ಕೈ ಉಜ್ಜುತ್ತಾರೆ,
ಮಧ್ಯಾಹ್ನ ಅದೇ ಮಫ್ಲರಿನಲ್ಲಿ ಬೆವರು ಒರೆಸುತ್ತಾರೆ.

ಎಲ್ಲೋ ಉತ್ತರದಲ್ಲಿ, ದೇವದಾರು ಮರಗಳ ಆಚೆ,
ಗಾಳಿಯ ಒಂದು ತಗ್ಗು ಮೂಡಲಿಗೆ ಜರುಗುತ್ತಿದೆಯಂತೆ.
ನಮಗೆ ಅದರ ಸೆರಗಿನ ತುದಿ ಮಾತ್ರ,
ಹೊಸ್ತಿಲಿಗೆ ತಾಗಿ, ಎಳೆದುಕೊಂಡು, ಹೋಯಿತು.
ಹೋದ ಮೇಲೆ ಆಕಾಶ ತೊಳೆದಿಟ್ಟ ತಟ್ಟೆ.
ರಾತ್ರಿ ಚಳಿ ಕಾಳಿ ಹೊಳೆಯ ಜಾಡು ಹಿಡಿದು ಇಳಿಯುತ್ತದೆ,
ದೇವಗಡದ ದೀಪದವರೆಗೂ ನಡೆದು ನೋಡಿ ಬರುತ್ತದೆ,
ಹತ್ತು ಗಂಟೆಗೆ ಪಡುಗಾಳಿ ಎದ್ದು ಬಾಗಿಲು ತಳ್ಳುವ ತನಕ
ಎದ್ದು ಹೋಗದ ನೆಂಟ.

ರೇಡಿಯೋದಲ್ಲಿ ಮುನ್ಸೂಚನೆ:
ಮುಂದಿನ ನಲವತ್ತೆಂಟು ಗಂಟೆಗಳಲ್ಲಿ
ಕರಾವಳಿಯ ಒಂದೆರಡು ಕಡೆ ತುಂತುರು. ಉಳಿದೆಡೆ ಒಣಹವೆ.
ರಾತ್ರಿಯ ಉಷ್ಣಾಂಶ ವಾಡಿಕೆಗಿಂತ ನಾಲ್ಕು ಡಿಗ್ರಿ ಕಡಿಮೆ.
ಇಪ್ಪತ್ತೆರಡು ವರ್ಷದಿಂದ ಕೇಳುತ್ತಿದ್ದೇನೆ.
ಆ ಒಂದೆರಡು ಕಡೆ ಯಾವ ತಾಲೂಕಿನಲ್ಲಿದೆಯೋ
ಇನ್ನೂ ಪತ್ತೆಯಾಗಿಲ್ಲ.
ನಾವೆಲ್ಲ ಉಳಿದೆಡೆಯ ನಿವಾಸಿಗಳು.

ಸಾಣಿಕಟ್ಟೆಯಿಂದ ಬೀರು ಆಗೇರನ ಫೋನು.
ಅವನ ಪಾತಿಗಳಲ್ಲಿ ಉಪ್ಪು ಕೆನೆ ಕಟ್ಟಿದೆ,
ಗೋರುವುದಕ್ಕೆ ಇನ್ನೊಂದು ಬಿಸಿಲು ಸಾಕು.
"ಅಮ್ಮಾ, ಆ ಒಂದೆರಡು ಕಡೇಲಿ ನಮ್ಮದೂ ಇದ್ಯಾ?"
ನನ್ನ ಕೆಲಸ ಆದದ್ದನ್ನು ಬರೆಯುವುದು,
ಆಗುವುದನ್ನು ಹೇಳುವುದಲ್ಲ. ಹಾಗಂತ ಹೇಳಬೇಕಿತ್ತು.
ಉಳಿದೆಡೆಯಲ್ಲಿ ಇದ್ದೀಯೋ, ಅಂದೆ.
ನಕ್ಕ. ನಾನೂ.

ರಾತ್ರಿ ಎರಡೂಮುಕ್ಕಾಲಿಗೆ ತಗಡಿನ ಮೇಲೆ ಹನಿ.
ಎಣಿಸಬಹುದಾದಷ್ಟು; ಹಾಸಿಗೆಯಲ್ಲೇ ಎಣಿಸಿದೆ.
ಹದಿನೇಳಕ್ಕೆ ನಿಂತಿತು.
ಬೆಳಿಗ್ಗೆ ಮಳೆಮಾಪಕದ ಆಲಿಕೆ ಒದ್ದೆ,
ಒಳಗಿನ ಬಾಟಲಿಯಲ್ಲಿ ಅಳೆಯುವಂಥದ್ದೇನೂ ಇಲ್ಲ.
ಅದಕ್ಕೊಂದು ಶಬ್ದವಿದೆ ನಮ್ಮಲ್ಲಿ. ಬರೆದೆ: ಲೇಶ.

ಒಂಬತ್ತಕ್ಕೆ ಬೈತಖೋಲದ ದ್ರುಪದಾ ತಾಂಡೇಲ
ಗೇಟಿನಲ್ಲೇ ನಿಂತು ಬುಟ್ಟಿ ತೋರಿಸಿದಳು,
ಚಾಪೆಯ ಮೇಲೆ ಹರಡಿದ್ದ ಸಿಗಡಿ, ನೆನೆದು ಮೆತ್ತಗೆ.
ವಾಸನೆ ನನ್ನ ವಹಿಯ ಮೇಲೆ ಕೂತಿತು.
ಹಗಲಿಗೇ ಬೆಕ್ಕಿಗೆ ಕೊಟ್ಟು ಹೋದಳು ಒಂದು ಮುಷ್ಟಿ,
ನನಗೆ ಬೈಯದೆ.

ಬೀರು ಬೈಯಲೂ ಇಲ್ಲ, ಫೋನೂ ಮಾಡಲಿಲ್ಲ.
ಗೋಕರ್ಣದಿಂದ ಬಂದ ಬಸ್ಸಿನ ಕಂಡಕ್ಟರ್ ಹೇಳಿದ:
ಅಲ್ಲಿ ಅರ್ಧ ಗಂಟೆ ಹೊಡೆಯಿತಂತೆ.
ಕೆನೆಯೆಲ್ಲ ಕರಗಿ ಪಾತಿಗಳು ಮತ್ತೆ ಬರೀ ನೀರು,
ಕೊಕ್ಕರೆ ನಿಂತು ಮುಖ ನೋಡಿಕೊಳ್ಳುತ್ತಿತ್ತಂತೆ.
ಹಾಗಾದರೆ ಸಿಕ್ಕಿತು ಆ ಒಂದೆರಡು ಕಡೆಯ ವಿಳಾಸ.

ಸಂಜೆ ಆರಕ್ಕೆ ಗಂಟೆ ಬಾರಿಸಿತು.
ಅವನೇ. ನಿನ್ನೆಯ ಮಾತು ಎತ್ತಲಿಲ್ಲ.
"ಅಮ್ಮಾ, ನಾಳಿಗೆ ಹೆಂಗೆ?"

ಪಕ್ಕದ ಅಂಗಳದಲ್ಲಿ ಹೊಸ ಯಂತ್ರ
ಸೌರಫಲಕದ ಟೋಪಿ ಹಾಕಿಕೊಂಡು
ಹದಿನೈದು ನಿಮಿಷಕ್ಕೊಮ್ಮೆ ತಾನೇ ಎಲ್ಲ ಹೇಳಿ ಕಳಿಸುತ್ತದೆ.
ಅದಕ್ಕೆ ಯಾರೂ ಫೋನು ಮಾಡುವುದಿಲ್ಲ.

ತಡಿ ಬೀರು, ಅಂದೆ.
ಹೊರಗೆ ಬಂದು, ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮೊದಲ ಸಲ,
ತೋರುಬೆರಳು ಬಾಯಲ್ಲಿ ಅದ್ದಿ ಎತ್ತಿ ಹಿಡಿದೆ.
ಒಂದು ಬದಿ ತಣ್ಣಗಾಯಿತು.
ಯಾವ ಬದಿಯೆಂದು ಅವನಿಗೆ ಹೇಳಿದೆ.
ವಹಿಯಲ್ಲಿ ಬರೆಯಲಿಲ್ಲ.